ಗಾರೆ ಬೀಳುವ ಮೊದಲು ಒಂದು ಪೈಪು
ಹೊಸ ಮನೆ ಕಟ್ಟಿಸುವವರಿಗೆಲ್ಲ ನಾನು ಹೇಳುವ ಮಾತು ಒಂದೇ: ಗೋಡೆಗೆ ಗಾರೆ ಬೀಳುವ ಮೊದಲು, ಕರೆಂಟಿನ ಪೈಪಲ್ಲದೆ ನೆಟ್‌ವರ್ಕ್ ಕೇಬಲ್ಲಿಗೆಂದೇ ಬೇರೊಂದು ಪೈಪು ಹಾಕಿಸಿ. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಿಗೆ ವೈಫೈ ಸಾಕು. ಅವಕ್ಕೆ ಬೇಕಾದದ್ದು ಚಿಟಿಕೆಯಷ್ಟು ಡೇಟಾ. ಅವುಗಳಲ್ಲಿ ಹೆಚ್ಚಿನವು ಬಳಸುವುದು 2.4 ಗಿಗಾಹರ್ಟ್ಸ್ ತರಂಗ. ಬ್ಲೂಟೂತ್, ಅಕ್ಕಪಕ್ಕದ ಮನೆಗಳ ವೈಫೈ, ಅಡುಗೆಮನೆಯ ಮೈಕ್ರೋವೇವ್ ಓವನ್ನು, ಎಲ್ಲದರ ಗದ್ದಲವೂ ಅಲ್ಲೇ. ಹಗಲಿರುಳು ವಿಡಿಯೊ ಕಳಿಸುವ ಕ್ಯಾಮೆರಾವನ್ನು ಆ ಸಂತೆಗೆ ನೂಕಬಾರದು. ನಮ್ಮ ಗೇಟಿನ ಕ್ಯಾಮೆರಾ ವೈಫೈನಲ್ಲಿದ್ದಾಗ ಅದಕ್ಕೂ ರೂಟರಿಗೂ ನಡುವೆ ಎರಡು ಕಾಂಕ್ರೀಟ್ ಗೋಡೆ. ಬಂದವರು ಬೆಲ್ ಒತ್ತಿ, ಕಾದು, ವಾಪಸಾದ ಮೇಲೆ ಫೋನಿನಲ್ಲಿ ಅವರ ಮುಖ ಮೂಡುತ್ತಿತ್ತು. ಕ್ಯಾಟ್-6 ಕೇಬಲ್ ಎಳೆಸಿದ ದಿನದಿಂದ ಆ ಕಾಟ ತಪ್ಪಿತು. 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಈ ತಂತಿ, ಪಿಒಇ ಸ್ವಿಚ್ (ನೆಟ್‌ವರ್ಕ್ ತಂತಿಯಲ್ಲೇ ಕರೆಂಟನ್ನೂ ಕಳಿಸುವ ಸ್ವಿಚ್) ಇದ್ದರೆ ಅದಕ್ಕೆ ಹೊಂದುವ ಕ್ಯಾಮೆರಾಕ್ಕೆ ಕರೆಂಟನ್ನೂ ತಾನೇ ಒಯ್ಯುತ್ತದೆ. ಸ್ವಿಚ್ಚಿಗೂ ರೂಟರಿಗೂ ಯುಪಿಎಸ್ ಕೊಟ್ಟರೆ, ಕರೆಂಟ್ ಹೋದ ರಾತ್ರಿಯೂ ಗೇಟಿನ ಕಣ್ಣು ಮುಚ್ಚದು. ಇದ್ದಲ್ಲೇ ಇರುವ ಟಿವಿ, ಕ್ಯಾಮೆರಾಗಳಿಗೆ ತಂತಿ. ಕೈಯಲ್ಲಿ ಓಡಾಡುವುದಕ್ಕೆ, ಸಣ್ಣಪುಟ್ಟದ್ದಕ್ಕೆ ವೈಫೈ. ಮುಂದೊಂದು ದಿನ ಗೋಡೆ ಕೊರೆಸುವ ಧೂಳು, ದುಡ್ಡಿನ ಮುಂದೆ ಇವತ್ತಿನ ಒಂದು ಪೈಪಿನ ಖರ್ಚು ಏನೇನೂ ಅಲ್ಲ.