ಚಿತ್ತಾಲರ ಕತೆ ಹಳ್ಳಿಯವರಿಗಲ್ಲ ಅಂದವರು ಯಾರು?

"ಚಿತ್ತಾಲರ ಕತೇನಾ? ಅದು ಎಂ.ಎ. ಓದೋರಿಗೆ ಬಿಡಿ." ಧರ್ಮಪುರದ ಕಡೆ ಯಶವಂತ ಚಿತ್ತಾಲರ ಹೆಸರೆತ್ತಿದರೆ ನಮಗೆ ಸಿಗುವ ಉತ್ತರ ಇದು. ನಾವು ಇದನ್ನು ಒಪ್ಪುವುದಿಲ್ಲ.

ಚಿತ್ತಾಲರು ಹಳ್ಳಿಯವರೇ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದರು. ಮುಂಬಯಿ ಸೇರಿ, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಬರೆದರು. ಮೊದಲ ಸಂಕಲನ ‘ಸಂದರ್ಶನ’ ಬಂದದ್ದು 1957ರಲ್ಲಿ. ‘ಕತೆಯಾದಳು ಹುಡುಗಿ’ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಊರು ಬಿಟ್ಟರೂ ಹನೇಹಳ್ಳಿ ಅವರ ಕತೆಗಳನ್ನು ಬಿಡಲಿಲ್ಲ.

ಅವರ ಕತೆಗಳಲ್ಲಿ ಹೆದರಿಸಲು ದೆವ್ವ ಬೇಕಿಲ್ಲ. ಗುರುತಿನ ಮುಖವೇ ಗುರುತು ಸಿಗದಂತಾಗುತ್ತದೆ. ಕಾರಣ ಗೊತ್ತಿಲ್ಲದ ಭಯ ಮನೆಯೊಳಗೆ ಬಂದು ಕೂರುತ್ತದೆ. ಇದು ಪೇಟೆಯವರಿಗೆ ಮಾತ್ರ ಅರ್ಥವಾಗುವುದೇ? ಮಗ ಬೆಂಗಳೂರಲ್ಲಿದ್ದಾನೆ. ನಡುರಾತ್ರಿ ಫೋನ್ ಬರುತ್ತದೆ, ಗೊತ್ತಿಲ್ಲದ ನಂಬರು. ಎತ್ತುವ ಮುಂಚಿನ ಆ ಒಂದು ಕ್ಷಣ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ಚಿತ್ತಾಲರು ಕೈಹಾಕಿದ್ದು ಅಂಥ ಕ್ಷಣಗಳಿಗೇ.

ಓದು ಸಲೀಸಲ್ಲ, ನಿಜ. ಆ ಕಡೆಯ ಮಾತು ನಮಗೆ ಹೊಸದು. ಪಠ್ಯದಲ್ಲಿ ಒಂದು ಕತೆ ಓದಿ ಕೈಬಿಟ್ಟರೆ ದಕ್ಕುವುದೂ ಇಲ್ಲ. ಎಲ್ಲ ಕತೆಗಳೂ ಒಟ್ಟಿಗೆ ಕೈಯಲ್ಲಿರಬೇಕು, ನಿಧಾನ ಓದಬೇಕು.

ಅದಕ್ಕೆ ಪುಸ್ತಕ ಸಿಗಬೇಕಲ್ಲ! ಗ್ರಂಥಾಲಯ ಕರ ನಾವೂ ಕಟ್ಟುತ್ತೇವೆ. ಪಂಚಾಯಿತಿ ಗ್ರಂಥಾಲಯಕ್ಕೆ ಪರೀಕ್ಷೆಯ ಗೈಡುಗಳ ಜೊತೆ ಚಿತ್ತಾಲರ ಕತೆಗಳೂ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೆರೆಗೆ ನೀರು ಬೇಕೆಂದು ವರ್ಷಗಟ್ಟಲೆ ಕೂಗಿದ ಊರು ನಮ್ಮದು. ಒಂದು ಪುಸ್ತಕ ಕೇಳಲು ಯಾಕೆ ನಾಚಿಕೆ?