ಇನ್ನೂ ಬಾರದ ನೆರೆಯವರು

‘ಪರಿಸರ’ ಎಂಬ ಶಬ್ದವನ್ನು ನಾವು ಇಂದು ಗಾಳಿ, ನೀರು, ಗಿಡಮರ, ಪಶುಪಕ್ಷಿಗಳನ್ನೆಲ್ಲ ಒಳಗೊಂಡ ದೊಡ್ಡ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದ ನಿಘಂಟನ್ನು ತೆರೆದು ನೋಡಿದರೆ ಅಲ್ಲಿ ಅದಕ್ಕೆ ಇಷ್ಟೊಂದು ವೈಭವವಿಲ್ಲ. ಸಮೀಪ, ನೆರೆ, ಊರಿನ ಅಥವಾ ನದಿಯ ಅಂಚು, ಇಷ್ಟೇ. ಹೊಳೆಯ ಪರಿಸರವೆಂದರೆ ಹೊಳೆಯ ಆಸುಪಾಸು. ಗುಡಿಯ ಪರಿಸರವೆಂದರೆ ಗುಡಿಯ ಸುತ್ತುಮುತ್ತು. ಈ ಹಳೆಯ ಅರ್ಥ ಸತ್ತಿಲ್ಲ. ಹೊಸ ಅರ್ಥದ ನೆರಳಿನಲ್ಲಿ ಸುಮ್ಮನೆ ಕುಳಿತಿದೆ. ಆದ್ದರಿಂದ ಯಾರಾದರೂ “ನಮ್ಮ ಪರಿಸರ ಕೆಡುತ್ತದೆ” ಎಂದು ದೂರಿದಾಗ, ಕೆಡುವುದು ಲೋಕದ ಗಾಳಿನೀರೋ ಅಥವಾ ತಮ್ಮ ಬೀದಿಯ ನೆಮ್ಮದಿಯೋ ಎಂದು ಒಂದು ಕ್ಷಣ ವಿಚಾರಿಸಬೇಕಾಗುತ್ತದೆ. ಇದು ಬರಿಯ ಕೋಶಪಂಡಿತನ ಕುಚೋದ್ಯವೆಂದು ವಾಚಕರು ತಿಳಿಯಬಾರದು. ಅಮೆರಿಕದ ಒಂದು ನಗರದಲ್ಲಿ ಈ ಎರಡು ಅರ್ಥಗಳೂ ಕೈಕೈ ಹಿಡಿದುಕೊಂಡು ಐದು ವರ್ಷಕ್ಕೂ ಮೇಲ್ಪಟ್ಟು ಕೋರ್ಟಿನ ಮೆಟ್ಟಿಲು ಹತ್ತಿಳಿದುವು.

ಆ ನಗರ ಮಿನಿಯಾಪೊಲಿಸ್. ಮಿನೆಸೋಟ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದ ಮೇಲಿದೆ. ಹೆಸರಿನ ಅರ್ಧ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಭಾಷೆಯದು, ಉಳಿದರ್ಧ ಗ್ರೀಕ್. ಒಟ್ಟಿಗೆ ‘ನೀರೂರು’ ಎಂದು ಕನ್ನಡಿಸಬಹುದು. ಹೆಸರಿಗೆ ತಕ್ಕಂತೆ ಊರಿನೊಳಗೇ ಸರೋವರಗಳಿವೆ; ಅವುಗಳ ಸುತ್ತ ದೊಡ್ಡ ಮರಗಳ ಬೀದಿಗಳು, ಹುಲ್ಲುಹಾಸಿನ ನಡುವೆ ಒಂಟಿ ಮನೆಗಳು. ನೋಡುವುದಕ್ಕೆ ಚೆಲುವಾದ ಊರೇ ಸರಿ.

ಆ ಒಂಟಿ ಮನೆಗಳು ಒಂಟಿಯಾಗಿಯೇ ಉಳಿದದ್ದು ತಮ್ಮಷ್ಟಕ್ಕೆ ತಾವಲ್ಲ. ನಮ್ಮ ಊರುಗಳಲ್ಲಿ ಎರಡನೆಯ ಮಗನ ಮದುವೆ ಗೊತ್ತಾದೊಡನೆ ತಂದೆ ಮೇಲೊಂದು ಮಹಡಿ ಎತ್ತುತ್ತಾನೆ. ಮಗ ಪರಸ್ಥಳಕ್ಕೆ ಹೋದರೆ ಆ ಮಹಡಿಗೆ ಬಾಡಿಗೆಯವರು ಬರುತ್ತಾರೆ. ಇದರಲ್ಲಿ ವಿಶೇಷವೇನಿದೆ ಎನ್ನುವಿರಿ. ಮಿನಿಯಾಪೊಲಿಸಿನಲ್ಲಿ ವಾಸಕ್ಕೆಂದು ಗೊತ್ತುಮಾಡಿದ ನೆಲದ ಸುಮಾರು ನೂರಕ್ಕೆ 70 ಭಾಗದಲ್ಲಿ ಒಂದು ನಿವೇಶನಕ್ಕೆ ಒಂದೇ ಸಂಸಾರದ ಮನೆ ಎಂಬ ನಿಯಮವಿತ್ತು. ಸ್ವಂತ ನೆಲ, ಸ್ವಂತ ಹಣವಿದ್ದರೂ ಎರಡನೆಯ ಮನೆ ಕಟ್ಟುವಂತಿರಲಿಲ್ಲ. ಯಾವ ನೆಲದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು ಎಂದು ನಗರವನ್ನು ವಲಯಗಳಾಗಿ ವಿಂಗಡಿಸುವ ಈ ಪದ್ಧತಿ ಅಲ್ಲಿ ಸುಮಾರು ನೂರು ವರ್ಷದಷ್ಟು ಹಳೆಯದು.

ಆ ವಲಯಗಳ ಹಿಂದೆ ಇನ್ನೊಂದು ಹಳೆಯ ಕಥೆಯಿದೆ. 1910ರಿಂದ ಮೊದಲ್ಗೊಂಡು ಅಲ್ಲಿನ ಮನೆಗಳ ಕ್ರಯಪತ್ರಗಳಲ್ಲಿಯೇ, ಈ ಸ್ವತ್ತನ್ನು ಕರಿಯರಿಗೂ ಏಷ್ಯದವರಿಗೂ ಮಾರತಕ್ಕದ್ದಲ್ಲ ಎಂಬ ಷರತ್ತನ್ನು ಬರೆಯುತ್ತಿದ್ದರು. ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಅಂಥ ಸಾವಿರಾರು ಪತ್ರಗಳನ್ನು ಹುಡುಕಿ ತೆಗೆದು ನಕ್ಷೆಯ ಮೇಲೆ ಗುರುತಿಸಿದ್ದಾರೆ. ಆ ಷರತ್ತುಗಳಿಗೆ ಈಗ ಕಾನೂನಿನ ಬಲವಿಲ್ಲ. ಆದರೆ ಚಿಕ್ಕ ಮನೆಗೆ ಅವಕಾಶವಿಲ್ಲದ ಬೀದಿಗೆ ಬಡವರು ಹೇಗೂ ಬರಲಾರರಷ್ಟೆ.

ಇನ್ನೊಂದು ಸಂಗತಿ. 1950ರಲ್ಲಿ ಆ ನಗರದ ಜನಸಂಖ್ಯೆ 5,21,718. 1990ರ ಹೊತ್ತಿಗೆ ಅದು 3,68,383ಕ್ಕೆ ಇಳಿಯಿತು. ಜನ ಎಲ್ಲಿಗೆ ಹೋದರು? ಬಹುಮಟ್ಟಿಗೆ ಸುತ್ತಲಿನ ಉಪನಗರಗಳಿಗೆ. ಹೊಲಗದ್ದೆಗಳನ್ನು ಸಮಮಾಡಿ, ಅಗಲವಾದ ರಸ್ತೆ ಎಳೆದು, ಮನೆಗೆರಡು ಮೋಟಾರು ಇಟ್ಟುಕೊಂಡು ವಾಸಿಸುವ ಊರುಗಳು ಬೆಳೆದುವು. ಆಮೇಲೆ ಗಾಳಿ ಬೇರೆ ದಿಕ್ಕಿಗೆ ಬೀಸಿ ನಗರಕ್ಕೆ ಮತ್ತೆ ಜನ ಬರತೊಡಗಿದರು. 2020ರ ಗಣತಿಯಲ್ಲಿ 4,29,954. ಬಂದವರಿಗೆ ಮನೆ ಸಾಲದು, ಬಾಡಿಗೆ ಏರಿತು.

ಈ ಸ್ಥಿತಿಯಲ್ಲಿ 2018ರ ಡಿಸೆಂಬರ್ 7ರಂದು ನಗರಸಭೆ ‘ಮಿನಿಯಾಪೊಲಿಸ್ 2040’ ಎಂಬ ಸಮಗ್ರ ಯೋಜನೆಯನ್ನು 12 ಮತಗಳಿಗೆ 1ರಂತೆ ಅಂಗೀಕರಿಸಿತು. ಒಂಟಿ ಮನೆಯ ನಿವೇಶನದಲ್ಲಿ ಇನ್ನು ಮುಂದೆ ಮೂರು ಮನೆಗಳವರೆಗೆ ಕಟ್ಟಬಹುದು. ಬಸ್ಸು ಓಡಾಡುವ ದೊಡ್ಡ ರಸ್ತೆಗಳ ಮಗ್ಗುಲಲ್ಲಿ ಹಲವು ಅಂತಸ್ತಿನ ಕಟ್ಟಡಗಳೇಳಬಹುದು. ಅಮೆರಿಕದ ದೊಡ್ಡ ನಗರಗಳಲ್ಲಿ ಊರಿಗೆ ಊರೇ ಇಂಥ ಮಾರ್ಪಾಟು ಮಾಡಿಕೊಂಡದ್ದು ಇದೇ ಮೊದಲೆಂದು ಪತ್ರಿಕೆಗಳೆಲ್ಲ ಬರೆದುವು.

ಅದೇ ತಿಂಗಳು ಮೊಕದ್ದಮೆಯೂ ಹೂಡಲ್ಪಟ್ಟಿತು. ವಾದಿಗಳು ‘ಸ್ಮಾರ್ಟ್ ಗ್ರೋತ್ ಮಿನಿಯಾಪೊಲಿಸ್’ ಎಂಬ ಸಂಸ್ಥೆ ಮತ್ತು ಪಕ್ಷಿಗಳ ಹಿತಕ್ಕಾಗಿ ದುಡಿಯುವ ಎರಡು ಸಂಘಗಳು. ಅವರ ಕೈಯಲ್ಲಿದ್ದ ಆಯುಧ ಮಿನೆಸೋಟದ 1971ರ ಪರಿಸರ ಹಕ್ಕುಗಳ ಕಾನೂನು. ಗಾಳಿ, ನೀರು, ನೆಲಗಳಿಗೆ ಹಾನಿ ತಟ್ಟುವ ಸಂಭವವಿದ್ದರೆ ಆ ರಾಜ್ಯದ ಯಾವ ನಿವಾಸಿಯಾದರೂ ನ್ಯಾಯಾಲಯಕ್ಕೆ ಹೋಗಬಹುದೆಂದು ಅದು ಹೇಳುತ್ತದೆ. ಒಳ್ಳೆಯ ಕಾನೂನು. ನಮ್ಮ ಕೆರೆಗಳ ಗತಿಯನ್ನು ನೋಡಿದವರಿಗೆ ಅಂಥದೊಂದು ಹಕ್ಕಿನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ವಾದಿಗಳ ಆಕ್ಷೇಪಣೆಯೂ ಹುರುಳಿಲ್ಲದ್ದಲ್ಲ. ಮನೆಗಳು ಹೆಚ್ಚಿದರೆ ಮಣ್ಣು ಮುಚ್ಚಿ ಹೋಗುತ್ತದೆ. ಇಂಗಬೇಕಾದ ಮಳೆನೀರು ಕೊಳೆ ತೊಳೆದುಕೊಂಡು ಸರೋವರಕ್ಕೆ ಇಳಿಯುತ್ತದೆ. ಮರಗಳು ಹೋಗುತ್ತವೆ. ಮಿಸಿಸಿಪಿಯ ಕಣಿವೆ ವಲಸೆಹಕ್ಕಿಗಳ ಹೆದ್ದಾರಿ. ಎತ್ತರದ ಕಟ್ಟಡಗಳ ಗಾಜಿಗೆ ಬಡಿದು ಅವು ಸಾಯುತ್ತವೆ. ಇವೆಲ್ಲ ದಿಟ. ಆದರೆ ದೂರಿನ ಪಟ್ಟಿ ಇಲ್ಲಿಗೆ ನಿಲ್ಲಲಿಲ್ಲ. ಮೋಟಾರು ನಿಲ್ಲಿಸುವ ಜಾಗಕ್ಕೆ ಇಕ್ಕಟ್ಟು, ಸದ್ದುಗದ್ದಲ, ಪಕ್ಕದ ಮನೆಯ ಎತ್ತರದಿಂದ ಬಿಸಿಲಿಗೆ ಅಡ್ಡಿ, ಏಕಾಂತಕ್ಕೆ ಭಂಗ ಇವೂ ಅದರಲ್ಲಿ ಸೇರಿದುವು. ನಿಘಂಟಿನ ಹಳೆಯ ಅರ್ಥ ಇಲ್ಲಿ ಎದ್ದು ಕುಳಿತದ್ದನ್ನು ನೋಡಿ!

ಸಮಗ್ರ ಯೋಜನೆಗೆ ವಿಧಿವತ್ತಾದ ಪರಿಸರ ಪರಿಶೀಲನೆ ಮಾಡಲೇಬೇಕೆಂದು ರಾಜ್ಯದ ನಿಯಮಗಳು ಹೇಳುತ್ತಿರಲಿಲ್ಲ. ಆದ್ದರಿಂದ ನಗರ ಅದನ್ನು ಮಾಡಿರಲಿಲ್ಲ. ನಿಯಮದಲ್ಲಿ ವಿನಾಯಿತಿ ಇದ್ದ ಮಾತ್ರಕ್ಕೆ ಹಕ್ಕಿನ ಮೊಕದ್ದಮೆಗೆ ಬಾಗಿಲು ಮುಚ್ಚುವುದಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು. ಅಲ್ಲಿಂದ ಮುಂದಿನ ವಾದವೆಲ್ಲ ಒಂದು ಎಣಿಕೆಯ ಸುತ್ತ ತಿರುಗಿತು. ಯೋಜನೆ ಅನುಮತಿಸುವಷ್ಟು ಮನೆಗಳೂ ಎದ್ದು ನಿಂತರೆ ಹೊಸದಾಗಿ ಸುಮಾರು 1,50,000 ಮನೆಗಳಾಗುತ್ತವೆ; ಅಷ್ಟೂ ಕಟ್ಟಿದರೆ ಆಗುವ ಹಾನಿಯನ್ನು ಲೆಕ್ಕ ಹಾಕಿ ಎಂದರು ವಾದಿಗಳು. ಎಲ್ಲರೂ ಎಲ್ಲ ಕಡೆಯೂ ಕಟ್ಟುತ್ತಾರೆಂಬುದೇ ಅಸಂಭವ ಎಂದಿತು ನಗರ. ಒಂದು ಸಾವಿರ ನಿವೇಶನಗಳ ಒಡೆಯರಿಗೆ ಮೂರು ಮನೆ ಕಟ್ಟಲು ಅಪ್ಪಣೆ ಕೊಟ್ಟರೆ ಎಷ್ಟು ಮಂದಿ ಕಟ್ಟುತ್ತಾರೆ? ಇದ್ದ ಮನೆ ಗಟ್ಟಿಮುಟ್ಟಾಗಿದ್ದಾಗ ಅದನ್ನು ಕೆಡವಲು ಯಾರಿಗೆ ಮನಸ್ಸು ಬರುತ್ತದೆ? ಆದರೂ ಜಿಲ್ಲಾ ನ್ಯಾಯಾಲಯ ವಾದಿಗಳ ಎಣಿಕೆಯನ್ನೇ ಒಪ್ಪಿತು. ನಗರ ಅದಕ್ಕೆ ತಕ್ಕ ಪುರಾವೆಯಿಂದ ಉತ್ತರ ಕೊಡಲಿಲ್ಲವೆಂದು 2022ರ ಜೂನಿನಲ್ಲಿ ಯೋಜನೆಗೆ ತಡೆಯಾಜ್ಞೆ ಹಾಕಿತು. ಮೇಲಿನ ಕೋರ್ಟು ಆ ಆಜ್ಞೆಯನ್ನು ತೆಗೆದು ಹಿಂದಕ್ಕೆ ಕಳಿಸಿತು; 2023ರ ಸೆಪ್ಟೆಂಬರಿನಲ್ಲಿ ಮತ್ತೆ ತಡೆ. ನಗರ ತನ್ನ ಹಳೆಯ ಯೋಜನೆಗೆ ಮರಳಬೇಕಾಯಿತು.

ಇಲ್ಲಿ ನಗರದ ತಪ್ಪನ್ನೂ ಹೇಳಬೇಕು. ದಟ್ಟವಾಗಿ ವಾಸಿಸಿದರೆ ಮೋಟಾರು ಓಡಾಟ ತಗ್ಗುತ್ತದೆ, ಭೂಮಿಯ ಬಿಸಿ ಏರುವುದಕ್ಕೆ ಅಷ್ಟು ಮಟ್ಟಿಗೆ ತಡೆಯಾಗುತ್ತದೆ ಎಂದು ಅದು ತನ್ನ ಯೋಜನೆಯ ಪುಟಗಳಲ್ಲಿ ಹೇಳಿಕೊಂಡಿತ್ತು. ಹಾಗಿದ್ದ ಮೇಲೆ ಲೆಕ್ಕವನ್ನು ಮುಂದಿಡುವುದಕ್ಕೆ ಹಿಂಜರಿಕೆಯೇಕೆ? ಕಾನೂನು ಕೇಳಲಿಲ್ಲ ಎಂಬುದು ವಕೀಲರ ಉತ್ತರ. ಊರಿನವರಿಗೆ ಕೊಡುವ ಉತ್ತರವಲ್ಲ.

ಆದರೆ ನನ್ನನ್ನು ಹೆಚ್ಚಾಗಿ ಕಾಡಿದ್ದು ಬೇರೊಂದು ಸಂಗತಿ. ಈ ಮೊಕದ್ದಮೆಯಲ್ಲಿ ವಾದಿಗಳಿದ್ದರು, ಪ್ರತಿವಾದಿಯಿತ್ತು, ಹಕ್ಕಿಗಳ ಪರವಾಗಿ ಮಾತನಾಡುವವರೂ ಇದ್ದರು. ಇಲ್ಲದಿದ್ದವರು ಒಬ್ಬರೇ: ಇನ್ನೂ ಬಾರದ ನೆರೆಯವರು. ಬಸ್ಸಿನ ದಾರಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿದರೆ ಸಾಕೆಂದು ಕಾದಿರುವ ಆಸ್ಪತ್ರೆಯ ದಾದಿ, ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟರು, ಮದುವೆಯಾದ ಎರಡನೆಯ ಮಗ ಇವರಾರಿಗೂ ಆ ಬೀದಿಯಲ್ಲಿ ವಿಳಾಸವಿಲ್ಲ. ವಿಳಾಸವಿಲ್ಲದವರ ದೂರನ್ನು ಯಾರು ಬರೆದುಕೊಳ್ಳುತ್ತಾರೆ? ಮನೆ ಕಟ್ಟಿದರೆ ಏನಾಗುತ್ತದೆ ಎಂದು ಪರಿಶೀಲನೆ ಕೇಳುತ್ತದೆ. ಕಟ್ಟದಿದ್ದರೆ ಈ ಜನ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಅವರಿಗಾಗಿ ಎಷ್ಟು ಹೊಲ ರಸ್ತೆಯಾಗುತ್ತದೆ ಎಂದು ಅದು ಕೇಳುವುದು ಅಪರೂಪ. ಹೊಲದಲ್ಲಿ ಏಳುವ ಮನೆಗೆ ಆಕ್ಷೇಪಣೆ ಮಾಡುವ ನೆರೆಯವರೇ ಇರುವುದಿಲ್ಲವಲ್ಲ!

ಮಳೆನೀರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿ ಇದನ್ನೇ ಪರಿಶೀಲಿಸಿ ಒಂದು ವರದಿ ಹೊರಡಿಸಿತು. ಎಕರೆಗೊಂದು ಮನೆಯಿರುವ ಬಡಾವಣೆಗೂ ಎಕರೆಗೆ ಎಂಟು ಮನೆಯಿರುವ ಬಡಾವಣೆಗೂ ಹೋಲಿಸಿದರೆ, ದಟ್ಟವಾದ ಬಡಾವಣೆಯಲ್ಲಿ ಮನೆಯೊಂದರ ಪಾಲಿಗೆ ಹರಿದುಹೋಗುವ ಮಳೆನೀರು ನೂರಕ್ಕೆ ಸುಮಾರು 74 ಭಾಗ ಕಡಿಮೆ. ನಮ್ಮ ಲೆಕ್ಕದಲ್ಲಿ ಎಕರೆಗೆ ಎಂಟೆಂದರೆ ಮನೆಗೆ ಐದು ಗುಂಟೆ. ಬೆಂಗಳೂರಿನವರ ಕಣ್ಣಿಗೆ ಅದು ಜಮೀನ್ದಾರಿಯೇ ಆದೀತು! ಕಾರಣ ಸರಳವಾದದ್ದು. ಚದುರಿದ ಮನೆಗೆ ಛಾವಣಿಯ ಜೊತೆಗೆ ಉದ್ದನೆಯ ರಸ್ತೆ ಬೇಕು, ಅಂಗಡಿಯೆದುರು ಮೋಟಾರು ನಿಲ್ಲುವ ಬಯಲು ಬೇಕು. ಇನ್ನು ಚಳಿಗಾಲದಲ್ಲಿ ಸರೋವರಗಳೇ ಹೆಪ್ಪುಗಟ್ಟುವ ಆ ಊರಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳನ್ನು ಬೆಚ್ಚಗಿಡಲು ಕಡಿಮೆ ಇಂಧನ ಸಾಕೆಂಬುದನ್ನು ಯಾವ ತಜ್ಞರೂ ಬಂದು ಹೇಳಬೇಕಾಗಿಲ್ಲ. ಹಾಗೆಂದು ಬೀದಿಯ ತುದಿಯ ಸರೋವರಕ್ಕೆ ನಷ್ಟವೇ ಇಲ್ಲವೆಂದಲ್ಲ. ಒಟ್ಟು ಲೆಕ್ಕದಲ್ಲಿ ಲಾಭವಾದರೂ ಅದರ ಖರ್ಚು ಆ ಒಂದು ಸರೋವರದ ತಲೆಯ ಮೇಲೆ ಬೀಳಬಹುದು. ಅದಕ್ಕೆ ಇಂಗುಗುಂಡಿ, ಮರ ಕಡಿಯುವುದಕ್ಕೆ ಕಟ್ಟುನಿಟ್ಟು, ಹಕ್ಕಿಗೆ ಕಾಣಿಸುವಂಥ ಗುರುತಿನ ಗಾಜು ಮುಂತಾದ ಉಪಾಯಗಳಿವೆ. ಪರಿಶೀಲನೆ ನಡೆಯಬೇಕಾದದ್ದು ಇಂಥವುಗಳಿಗಾಗಿ.

ಈ ವಿಪರ್ಯಾಸ ಒಂದೇ ಊರಿನದಲ್ಲ. ಕ್ಯಾಲಿಫೋರ್ನಿಯದ ಪರಿಸರ ಪರಿಶೀಲನೆಯ ಕಾನೂನು 1970ರದು. ಅದರ ಮೇರೆಗೆ 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಬರ್ಕ್ಲಿಯ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳಿಗೆ ವಸತಿ ಕಟ್ಟುವ ಮೊದಲು ಆ ವಿದ್ಯಾರ್ಥಿಗಳ ಗಲಾಟೆಯಿಂದಾಗುವ ಪರಿಣಾಮವನ್ನೂ ಪರಿಶೀಲಿಸಬೇಕಿತ್ತೆಂದು ಹೇಳಿತು. ಹಾಸ್ಟೆಲಿನ ಪಕ್ಕದಲ್ಲಿ ಬಾಳಿದ ಯಾವ ಅಧ್ಯಾಪಕನೂ ಆ ಗಲಾಟೆಯನ್ನು ಅಲ್ಲಗಳೆಯಲಾರ. ಆದರೆ ಹುಡುಗರ ಕೂಗನ್ನು ಕಾರ್ಖಾನೆಯ ಹೊಗೆಯ ಸಾಲಿಗೆ ಸೇರಿಸುವುದು ಅವನಿಗೂ ಅತಿಯೆನಿಸೀತು. ಅದೇ ವರ್ಷ ಶಾಸನಸಭೆ ಅದನ್ನು ಸರಿಪಡಿಸಿತು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ವಿಶ್ವವಿದ್ಯಾನಿಲಯದ ಪರವಾಗಿ ತೀರ್ಪಿತ್ತಿತು. 2025ರ ಜೂನ್ 30ರಂದು ಆ ರಾಜ್ಯ, ಊರೊಳಗಿನ ನೆಲದಲ್ಲಿ ಏಳುವ ಬಹುಪಾಲು ವಸತಿಗಳಿಗೆ ಈ ಪರಿಶೀಲನೆಯಿಂದಲೇ ವಿನಾಯಿತಿ ಕೊಟ್ಟಿತು.

ಮಿನಿಯಾಪೊಲಿಸಿನ ವ್ಯಾಜ್ಯವೂ ಹೆಚ್ಚುಕಡಿಮೆ ಹಾಗೆಯೇ ಮುಗಿಯಿತು. 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯಾಜ್ಞೆಯನ್ನು ರದ್ದುಮಾಡಿತು. ಅದೇ ತಿಂಗಳು ರಾಜ್ಯದ ಶಾಸನಸಭೆ, ಇಂಥ ಸಮಗ್ರ ಯೋಜನೆಗಳನ್ನು ಪರಿಸರ ಹಕ್ಕಿನ ಕಾನೂನಿನಡಿ ಪ್ರಶ್ನಿಸುವಂತಿಲ್ಲವೆಂದು ಹೊಸ ಕಾನೂನು ಮಾಡಿತು. ನಗರದ ಯೋಜನೆ ಉಳಿಯಿತೆಂದು ನನಗೆ ಸಂತೋಷವೇ. ಆದರೂ, ಕೇಳಿದ ಪ್ರಶ್ನೆ ಅರೆಬರೆಯಾಗಿತ್ತೆಂದು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುವುದು ಯಾವ ಸೊಗಸು? ಪರೀಕ್ಷೆಯ ಪ್ರಶ್ನೆಪತ್ರಿಕೆ ತಪ್ಪಾಗಿದ್ದರೆ ತಿದ್ದಿ ಮತ್ತೆ ಅಚ್ಚು ಹಾಕಿಸುತ್ತೇವೆಯೇ ಹೊರತು ಪರೀಕ್ಷೆಯನ್ನೇ ಕೈಬಿಡುವುದಿಲ್ಲ.

ಇಷ್ಟೆಲ್ಲ ಹೋರಾಟಕ್ಕೆ ಕಾರಣವಾದ ಆ ಮೂರು ಮನೆಯ ಕಟ್ಟಡಗಳು ಎಷ್ಟು ಎದ್ದುವೆಂದು ವಾಚಕರಿಗೆ ಕುತೂಹಲವಿದ್ದೀತು. ಬಹಳ ಕೆಲವು. ಒಂಟಿ ಮನೆಗಳ ಬೀದಿಗಳು ಇಂದಿಗೂ ಹೆಚ್ಚುಕಡಿಮೆ ಹಿಂದಿನಂತೆಯೇ ಇವೆ. ಹೊಸ ಮನೆಗಳಲ್ಲಿ ಬಹುಪಾಲು ಎದ್ದದ್ದು ದೊಡ್ಡ ರಸ್ತೆಗಳ ಮಗ್ಗುಲಿನ ಬಹುಮಹಡಿ ಕಟ್ಟಡಗಳಲ್ಲಿ. ಪ್ಯೂ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2017ರಿಂದ 2022ರವರೆಗೆ ನಗರದ ಮನೆಗಳ ಸಂಖ್ಯೆ ನೂರಕ್ಕೆ 12ರಷ್ಟು ಹೆಚ್ಚಿತು. ಆ ಅವಧಿಯಲ್ಲಿ ಅಲ್ಲಿ ಬಾಡಿಗೆ ಏರಿದ್ದು ನೂರಕ್ಕೆ 1 ಮಾತ್ರ, ರಾಜ್ಯದ ಉಳಿದೆಡೆ 14. ಇದರಲ್ಲಿ ಯೋಜನೆಯ ಪಾಲೆಷ್ಟು, ಅದಕ್ಕೂ ಹಿಂದಿನ ಸುಧಾರಣೆಗಳ ಪಾಲೆಷ್ಟು ಎಂದು ಅರ್ಥಶಾಸ್ತ್ರಜ್ಞರು ಚರ್ಚಿಸಲಿ. ತಿಂಗಳ ಮೊದಲ ತಾರೀಖಿಗೆ ಬಾಡಿಗೆ ಎಣಿಸಿ ಕೊಡುವವರಿಗೆ 1ಕ್ಕೂ 14ಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು.

ಅಲ್ಲಿ ಸಮಗ್ರ ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುವುದು ವಾಡಿಕೆ. ಮುಂದಿನ ಸರದಿ ಈ ದಶಕ ಮುಗಿಯುವುದರೊಳಗೆ ಬರಲಿದೆ. ಆ ಹೊತ್ತಿಗೆ ಪರಿಸರದ ಲೆಕ್ಕ ಕೊಡೆಂದು ಹಳೆಯ ಹಕ್ಕಿನ ಬಲದಿಂದ ನಗರವನ್ನು ಕೋರ್ಟಿಗೆ ಎಳೆಯಲು ಯಾರಿಗೂ ಆಗದು. ಸರೋವರಕ್ಕೆ ಇಷ್ಟು, ಹೊಲಕ್ಕೆ ಇಷ್ಟು, ಬರಲಿರುವ ಸಂಸಾರಗಳಿಗೆ ಇಷ್ಟು ಎಂದು ನಗರವೇ ಲೆಕ್ಕ ತೆಗೆದು ಜನರ ಮುಂದಿಡುವುದಕ್ಕೆ ಮಾತ್ರ ಯಾವ ಕಾನೂನಿನ ಅಡ್ಡಿಯೂ ಇಲ್ಲ.