ಗುಡ್ಡೆಯ ಕೇಪಳಕ್ಕೆ ಅಂಗಳದಲ್ಲಿ ಎಡೆಯಿರಲಿ

ಕರಾವಳಿಯ ಗುಡ್ಡೆಗಳಲ್ಲಿ ದನ ಮೇಯಿಸಿ ಬೆಳೆದವರಿಗೆ ಕೇಪಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುರಕಲ್ಲಿನ ಸಂದಿಯಲ್ಲಿ ಬೇರೂರಿ, ಉರಿಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಾಗಲೂ ಹಸುರೆಲೆಗಳ ನಡುವೆ ಕೆಂಪು ಹೂಗೊಂಚಲು ಹೊತ್ತು ನಿಲ್ಲುವ ಪೊದೆ ಅದು. ತುಳುವಿನಲ್ಲಿ ಅದು ಕೇಪುಳ. ಗುಡ್ಡೆದಾಸವಾಳ ಎನ್ನುವವರೂ ಉಂಟು. ಈ ಗಿಡಕ್ಕೆ ನಮ್ಮ ಮನೆಯಂಗಳದಲ್ಲಿಯೂ ಕಾಲೇಜಿನ ಆವರಣದಲ್ಲಿಯೂ ಸ್ಥಳ ದೊರೆಯಬೇಕೆಂಬುದೇ ನನ್ನ ವಾದ.

ಇಂದು ಮನೆ ಕಟ್ಟುವವರು ಮೊದಲು ಗುಡ್ಡೆಯನ್ನು ಸಮತಟ್ಟು ಮಾಡಿಸಿ, ಇದ್ದ ಪೊದೆಗಳನ್ನೆಲ್ಲ ಯಂತ್ರದಿಂದ ಕಿತ್ತೆಸೆಯುತ್ತಾರೆ. ಬಳಿಕ ನರ್ಸರಿಗೆ ಹೋಗಿ, ಹಣ ತೆತ್ತು, ಬೇಲಿಗೆ ದುರಂತವನ್ನೂ ಗೇಟಿಗೆ ಬೋಗನ್‌ವಿಲ್ಲಾವನ್ನೂ ತರುತ್ತಾರೆ. ಇವೆರಡೂ ಅಮೆರಿಕ ಖಂಡಗಳ ಗಿಡಗಳು. ಅತಿಥಿಯನ್ನು ಆದರಿಸುವುದು ತಪ್ಪಲ್ಲ. ಮನೆಯವರನ್ನು ಹೊರಗಟ್ಟಿ ಆದರಿಸುವುದು ನ್ಯಾಯವೆ? ಇನ್ನೂ ಸೋಜಿಗವೆಂದರೆ, ಅದೇ ನರ್ಸರಿಯ ಕುಂಡದಲ್ಲಿ ‘ಇಕ್ಸೋರಾ’ ಎಂಬ ಹೆಸರಿನಿಂದ ಕೇಪಳದ ಬಳಗದ ಗಿಡವೇ ಮಾರಾಟಕ್ಕಿರುತ್ತದೆ. ಹೆಸರು ಬದಲಾದೊಡನೆ ಕಾಡುಗಿಡಕ್ಕೆ ಬೆಲೆ ಬಂದಿತು!

ಆ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದನ್ನು ‘ಇಕ್ಸೋರಾ ಕಾಕ್ಸೀನಿಯಾ’ ಎಂದು ಕರೆದನು. ‘ಇಕ್ಸೋರಾ’ ಎಂಬುದು ನಮ್ಮ ‘ಈಶ್ವರ’ ಶಬ್ದವು ಪೋರ್ಚುಗೀಸರ ಬಾಯಲ್ಲಿ ತಾಳಿದ ರೂಪ. ‘ಕಾಕ್ಸೀನಿಯಾ’ ಎಂದರೆ ಕಡುಗೆಂಪು. ಕಾಫಿ ಗಿಡವೂ ಇದರ ಕುಟುಂಬದ್ದೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಮ್ಮನಿಗೆ ಲಿನೇಯಸ್ ಗೊತ್ತಿಲ್ಲ. ಆದರೆ ಕೇಪಳದ ಕುಡಿಯಿಂದ ತಂಬುಳಿ ಮಾಡುವುದು ಗೊತ್ತು; ಭೂತದ ಕೋಲಕ್ಕೆ ಬೇಕಾದ ಹೂ ಯಾವ ಗುಡ್ಡೆಯಲ್ಲಿ ಹೇರಳವಾಗಿ ಸಿಗುತ್ತದೆಂಬುದೂ ಗೊತ್ತು. ಈ ಎರಡು ತಿಳಿವಳಿಕೆಗಳಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಗುಡ್ಡೆಯಲ್ಲಿ ಗಿಡವೇ ಇಲ್ಲವಾದರೆ ಅಮ್ಮನ ತಿಳಿವಳಿಕೆ ನಮ್ಮ ಕೈಗೆ ಬರುವ ಬಗೆ ಹೇಗೆ?

“ಕೇಪಳ ಬೆಳೆಯುವುದು ನಿಧಾನ, ಒಪ್ಪವಾಗಿಯೂ ಕಾಣದು” ಎಂದು ಕೆಲವರು ಆಕ್ಷೇಪಿಸುತ್ತಾರೆ. ನಿಧಾನವೆಂಬುದು ನಿಜ. ಎರಡು ಮೂರು ಮಳೆಗಾಲಗಳ ತಾಳ್ಮೆ ಬೇಕು. ಒಪ್ಪವಿಲ್ಲವೆಂಬುದು ಮಾತ್ರ ಗಿಡದ ದೋಷವಲ್ಲ, ಕತ್ತರಿಯ ದೋಷ. ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ವಾರವಾರವೂ ತುದಿ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ಹೂವು ಮುಗಿದ ಮೇಲೆ ಒಮ್ಮೆ ಸವರಿದರೆ ಸಾಕು.

ಬೆಳೆಸುವ ಕ್ರಮ ಕಷ್ಟದ್ದಲ್ಲ. ಚೆನ್ನಾಗಿ ಹಣ್ಣಾದ ಕಾಯಿಗಳ ತಿರುಳು ತೊಳೆದು, ಬೀಜವನ್ನು ಒಣಗಿಸಿಡದೆ ಬಿತ್ತಬೇಕು; ಇಲ್ಲವೇ ಮುಂಗಾರಿನ ಆರಂಭದಲ್ಲಿ ಪೆನ್ಸಿಲಿನಷ್ಟು ದಪ್ಪದ ಕೊಂಬೆಯ ತುಂಡುಗಳನ್ನು ನೆಡಬೇಕು. ಬಿಸಿಲು ಚೆನ್ನಾಗಿರಬೇಕು, ನೀರು ನಿಲ್ಲಬಾರದು. ಇದಕ್ಕೆ ಹುಳಿಗುಣದ ಮಣ್ಣು ಹಿತ. ನಮ್ಮ ಮುರಕಲ್ಲಿನ ಮಣ್ಣು ಅಂತಹುದೇ. ಬುಡಕ್ಕೆ ಬೂದಿ, ಸುಣ್ಣ, ಸಿಮೆಂಟಿನ ಕಸ ಸುರಿದರೆ ಬೇರು ಕಬ್ಬಿಣದ ಅಂಶವನ್ನು ಹೀರಲಾರದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಗುಡ್ಡೆಯಿಂದ ಬುಡಸಮೇತ ಕಿತ್ತು ತರುವುದು ಮಾತ್ರ ಸಲ್ಲದು, ಉಳಿಸಹೊರಟವರೇ ಅಳಿಸಿದಂತಾದೀತು. ಇಷ್ಟು ಮಾಡಿದರೆ, ಕೊಳವೆಯಂತಹ ಹೂಗಳ ತಳದಲ್ಲಿರುವ ಮಕರಂದಕ್ಕೆ ಚಿಟ್ಟೆಗಳೂ, ಹಣ್ಣಿಗೆ ಹಕ್ಕಿಗಳೂ ಮಕ್ಕಳೂ ತಾವಾಗಿಯೇ ಬರುತ್ತವೆ.

ನಮ್ಮ ಕಾಲೇಜಿನ ಬೇಲಿಯಲ್ಲಿ ಗಿಡ ಸತ್ತು ಖಾಲಿಯಾದ ಸ್ಥಳಗಳಿವೆ. ಈ ಬೇಸಿಗೆಯ ಕೊನೆಗೆ ಊರಿಗೆ ಹೋದವರು ಒಂದೊಂದು ಹಿಡಿ ಕೇಪಳದ ಹಣ್ಣು ತಂದರೆ ಸಾಕು, ಸರ್ಕಾರದ ಹಣಕ್ಕೆ ಕಾಯಬೇಕಾಗಿಲ್ಲ. ಅಂತಿಮ ವರ್ಷದವರಾದ ನಾವು ಬೀಜ ತಂದುಕೊಟ್ಟು ಹೋಗುತ್ತೇವೆ. ಜೂನ್ ತಿಂಗಳಲ್ಲಿ ಬಿತ್ತಿ ನೋಡಿಕೊಳ್ಳುವ ಭಾರವನ್ನು ಕಿರಿಯ ಮಿತ್ರರು ಹೊರಬೇಕೆಂದೂ, ಅಧ್ಯಾಪಕ ಮಹನೀಯರು ಅದಕ್ಕೆ ಅನುಮತಿಯಿತ್ತು ಪ್ರೋತ್ಸಾಹಿಸಬೇಕೆಂದೂ ವಿನಂತಿ.